ಊಟ ಆಯ್ತಾ ಎಂದು ಕೇಳಿದ್ದಕ್ಕೆ ಒಂದು ಕ್ರೆಡಿಟ್

ಐದು ನಿಮಿಷ ಕೂತರೆ ಒಂದು ಕ್ರೆಡಿಟ್. ಉಚ್ಚೆಗೆ ಹೋದರೆ ಒಂದು. ಖಾತೆಯಲ್ಲಿ ಎಷ್ಟು ಉಳಿದಿದೆ ಎಂದು ಕೇಳಿದರೆ ಅದಕ್ಕೂ ಒಂದು. ಕೇಳದೇ ಕೂತು, ಖಾತೆ ಖಾಲಿ ಇದ್ದರೆ ದಂಡ ಐದು. ಇದು ನಮ್ಮ ಲಾಂಡ್ರಿಯ ಕಾನೂನು. ಇದನ್ನು ಬರೆದವನು ಕೂತುಕೊಂಡೇ ಬರೆದ.

ನಾವು ಮೂವತ್ತೆಂಟು ಹೆಂಗಸರು. ದೊಡ್ಡ ಹೋಟೆಲುಗಳ ಬೆಡ್‌ಶೀಟು, ದಿಂಬಿನ ಚೀಲ, ಟವೆಲು ನಮ್ಮಲ್ಲಿಗೆ ಬರುತ್ತವೆ. ಯಾರೋ ಮಲಗಿ ಎದ್ದದ್ದು, ಯಾರೋ ಕುಡಿದು ಕಕ್ಕಿದ್ದು, ಯಾರೋ ಬೂಟು ಒರೆಸಿದ್ದು. ನಾವು ಒಗೆದು, ಹಿಂಡಿ, ಬಿಸಿ ರೋಲರಿಗೆ ಕೊಟ್ಟು, ಮಡಚಿ ಪೇರಿಸುತ್ತೇವೆ. ನಾಲ್ಕು ಗಂಟೆಗೆ ಲಾರಿ ಬರುತ್ತದೆ. ಊರವರು ಸುಖವಾಗಿ ಮಲಗಲಿ ಎಂದು ನಾವು ಬೆಳಿಗ್ಗೆ ಎಂಟರಿಂದ ನಿಂತಿರುತ್ತೇವೆ.

ನನ್ನದು ಮಡಚುವ ಕೆಲಸ. ಒಂದು ಬೆಡ್‌ಶೀಟಿಗೆ ಇಬ್ಬರು ಬೇಕು. ಆ ಕಡೆಯ ಎರಡು ಮೂಲೆ ನನ್ನ ಅತ್ತೆಯ ಕೈಯಲ್ಲಿ, ಈ ಕಡೆಯ ಎರಡು ನನ್ನ ಕೈಯಲ್ಲಿ. ಸುಡುಸುಡು ಇರುವಾಗಲೇ ಜಗ್ಗಬೇಕು, ಕೊಡವಬೇಕು, ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು, ಮತ್ತೆ ಹಿಂದಕ್ಕೆ ಹೋಗಬೇಕು. ದಿನಕ್ಕೆ ಆರುನೂರು. ನನ್ನ ಮದುವೆಯಾಗಿ ಹನ್ನೊಂದು ವರ್ಷ. ಮನೆಯಲ್ಲಿ ನಾವಿಬ್ಬರೂ ವಾರಗಟ್ಟಲೆ ಮುಖ ಕೊಟ್ಟು ಮಾತಾಡದೆ ಇದ್ದದ್ದುಂಟು. ಇಲ್ಲಿ ಆರುನೂರು ಸಲ ಮುಖ ನೋಡಲೇಬೇಕು. ಅತ್ತೆ ಮನೆಯ ಸಿಟ್ಟನ್ನೆಲ್ಲ ಸೇರಿಸಿ ಜಗ್ಗುತ್ತಿದ್ದರು. ನಾನೇನು ಕಡಿಮೆಯೇ, ನಾನೂ ಜಗ್ಗುತ್ತಿದ್ದೆ. ಹಾಗಾಗಿ ಇಡೀ ಲಾಂಡ್ರಿಯಲ್ಲಿ ನಮ್ಮ ಜೋಡಿ ಮಡಚಿದ್ದರಲ್ಲಿ ಮಾತ್ರ ಒಂದು ಸುಕ್ಕೂ ಇರುತ್ತಿರಲಿಲ್ಲ.

ನಮ್ಮ ಸೂಪರ್‌ವೈಸರನಿಗೆ ನಾವಿಟ್ಟ ಹೆಸರು ಇಸ್ತ್ರಿ. ಅವನ ಅಂಗಿ ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ. ಅದಕ್ಕೆ ಇಸ್ತ್ರಿ ಹಾಕುವವರೂ ನಾವೇ, ಪುಕ್ಕಟೆ. ಹಾಲಿನ ಮೂಲೆಯಲ್ಲಿ ಅವನಿಗೊಂದು ತಿರುಗುವ ಕುರ್ಚಿ ಇದೆ. ಮೊದಲೆಲ್ಲ ನಾವು ಕೂತರೆ ಅಲ್ಲಿಂದಲೇ ಬೈಯುತ್ತಿದ್ದ. ಬೈಗುಳಕ್ಕೆ ನಾವು ಹೊಂದಿಕೊಂಡಿದ್ದೆವು. ಬೈಸಿಕೊಂಡೇ ಹತ್ತು ನಿಮಿಷ ಕೂತು ಎದ್ದರೆ ಕಾಲಿಗೆ ಜೀವ ಬರುತ್ತಿತ್ತು.

ಆಮೇಲೆ ಪೆಟ್ಟಿಗೆ ಬಂತು.

ಊಟದ ಡಬ್ಬಿಯಷ್ಟು ದೊಡ್ಡದು. ರೋಲರಿನ ಪಕ್ಕದ ಗೋಡೆಗೆ ಹೊಡೆದರು. ನಮ್ಮ ಕೊರಳಿಗೆ ಒಂದೊಂದು ಕಾರ್ಡು ಹಾಕಿದರು, ಅದಿದ್ದರೆ ಯಾರು ಸ್ಟೂಲಿನ ಮೇಲೆ ಕೂತರು, ಯಾರು ಉಚ್ಚೆಗೆ ಹೋದರು ಎಂದು ಪೆಟ್ಟಿಗೆಗೆ ತಾನಾಗಿ ತಿಳಿಯುತ್ತದೆ. ಕಾರ್ಡು ಮುಟ್ಟಿಸಿ ಮಾತಾಡಿದರೆ ಹೆಣ್ಣಿನ ದನಿಯಲ್ಲಿ ಉತ್ತರ ಕೊಡುತ್ತದೆ. ಇಸ್ತ್ರಿ ನಮ್ಮನ್ನೆಲ್ಲ ನಿಲ್ಲಿಸಿ ಭಾಷಣ ಮಾಡಿದ. ಇದು ಎಐ ಅಂತೆ, ಸಹಾಯಕಿ ಅಂತೆ. ಇನ್ನು ಯಾರೂ ಯಾರನ್ನೂ ಬೈಯಬೇಕಿಲ್ಲವಂತೆ. ದಿನಕ್ಕೆ ತಲೆಗೆ ಹತ್ತು ಕ್ರೆಡಿಟ್, ಅದರಲ್ಲಿ ಕೂರುವುದೋ ಹೋಗುವುದೋ ನಮ್ಮ ಇಷ್ಟವಂತೆ. ಖಾತೆಯಲ್ಲಿ ಎಷ್ಟಿದೆ ಎಂದು ಸಹಾಯಕಿಯನ್ನೇ ಕೇಳಿಕೊಳ್ಳಬೇಕಂತೆ. ಇದಕ್ಕೆ ಸ್ವಾತಂತ್ರ್ಯ ಅನ್ನುತ್ತಾರೆ ಎಂದು ಕೊನೆಗೆ ಹೇಳಿದ. ನಾವು ಚಪ್ಪಾಳೆ ತಟ್ಟಿದೆವು. ಗೋಡೆಗೂ ಕಿವಿ ಇರುತ್ತದೆ ಅಂತ ಕೇಳಿದ್ದೆವು, ಈಗ ಬಾಯಿಯೂ ಬಂತಲ್ಲ ಎಂದು ನಗಾಡಿ ಅದಕ್ಕೆ ಗೋಡೆಯಮ್ಮ ಎಂದು ಹೆಸರಿಟ್ಟೆವು.

ಮೊದಲ ತಿಂಗಳು ಕೇಳಿದ್ದಕ್ಕೆ ಕ್ರೆಡಿಟ್ ಕಳೆಯುತ್ತಿರಲಿಲ್ಲ. ಎರಡನೇ ತಿಂಗಳು ಧಣಿಗೆ ಬಿಲ್ಲು ಬಂತು. ಗೋಡೆಯಮ್ಮನಿಗೂ ಎಲ್ಲೋ ಒಂದು ಖಾತೆ ಇದೆಯಂತೆ. ಅವಳು ಉತ್ತರ ಕೊಟ್ಟಷ್ಟೂ ಆ ಖಾತೆ ಕರಗುತ್ತದಂತೆ, ಧಣಿ ದುಡ್ಡು ಕಟ್ಟಿ ತುಂಬಿಸಬೇಕಂತೆ. ಧಣಿ ಇಸ್ತ್ರಿಗೆ ಬೈದರು. ಇಸ್ತ್ರಿ ಬಂದು, ಇನ್ನು ಮೇಲೆ ಪ್ರಶ್ನೆಗೆ ಒಂದು ಕ್ರೆಡಿಟ್ ಎಂದು ಚೀಟಿ ಅಂಟಿಸಿದ. ಮೇಲಿನವರ ಕೆಮ್ಮು ಕೆಳಗಿನವರಿಗೆ ಜ್ವರ.

ಟವೆಲು ಎಣಿಸುವವಳು ಲೆಕ್ಕದಕ್ಕ. ಹತ್ತನೇ ಕ್ಲಾಸು ಪಾಸಾದವಳು. ಮುಂದೆ ಓದಿಸದೆ ಮದುವೆ ಮಾಡಿದ ಅಪ್ಪನ ಮೇಲಿನ ಸಿಟ್ಟು ಅವಳಿಗೆ ಇನ್ನೂ ಇಳಿದಿಲ್ಲ. ಚೀಟಿ ಅಂಟಿಸಿದ ದಿನವೇ ಅವಳು ಕಾರ್ಡು ಮುಟ್ಟಿಸಿ, ಎಷ್ಟು ಉಳಿದಿದೆ ಎಂದು ಕೇಳಿದಳು.

"ನಿಮ್ಮ ಖಾತೆಯಲ್ಲಿ ಒಂದು ಕ್ರೆಡಿಟ್ ಇತ್ತು. ಈ ಪ್ರಶ್ನೆಗೆ ಒಂದು ಕಳೆಯಲಾಗಿದೆ. ಈಗ ಸೊನ್ನೆ."

"ಅಂದ್ರೆ, ಕೇಳದೇ ಇದ್ದಿದ್ರೆ ಕೂರಬಹುದಿತ್ತಾ?"

"ಹೌದು, ಐದು ನಿಮಿಷ ಕೂರಬಹುದಿತ್ತು. ಈ ಪ್ರಶ್ನೆಗೆ ಒಂದು ಕಳೆಯಲಾಗಿದೆ. ಈಗ ಮೈನಸ್ ಒಂದು."

ಲೆಕ್ಕದಕ್ಕ ಬಿಡುವವಳಲ್ಲ. ಇದ್ಯಾವ ನ್ಯಾಯ ಎಂದು ಕೇಳಿದಳು, ಒಂದು ಹೋಯಿತು. ನಿನಗೆ ಅಕ್ಕತಂಗಿಯರಿಲ್ಲವೇ ಎಂದು ಕೇಳಿದಳು, ಇನ್ನೊಂದು ಹೋಯಿತು. ಇಲ್ಲಿಯವರೆಗೆ ಎಷ್ಟು ಹೋಯಿತು ಎಂದು ಕೇಳಿದಳು, ಹದಿಮೂರು ಎಂದು ಹೇಳಿ ಹದಿನಾಲ್ಕನೆಯದನ್ನು ಕಳೆಯಿತು. ಪ್ರತಿ ಸಲವೂ ಗೋಡೆಯಮ್ಮ ನಿಮಗಾದ ತೊಂದರೆಗೆ ವಿಷಾದಿಸುತ್ತೇನೆ ಎನ್ನುತ್ತಿದ್ದಳು. ಆ ವಿಷಾದಕ್ಕೆ ಮಾತ್ರ ಕ್ರೆಡಿಟ್ ಇರಲಿಲ್ಲ.

ನಾವೂ ಬುದ್ಧಿ ಓಡಿಸಿದೆವು. ಬೆಳಿಗ್ಗೆ ಬಂದ ಕೂಡಲೇ ಸೆರಗಿನ ಅಂಚಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಹತ್ತು ಸಿಕ್ಕಿಸಿಕೊಳ್ಳುವುದು. ಒಂದು ಸಲ ಕೂತರೆ ಒಂದು ಕ್ಲಿಪ್ಪು ತೆಗೆಯುವುದು. ಯಾರನ್ನೂ ಕೇಳುವ ಹಂಗಿಲ್ಲ. ಒಂದು ವಾರ ಲೆಕ್ಕ ಕೂದಲೆಳೆಯಷ್ಟೂ ತಪ್ಪಲಿಲ್ಲ. ಎರಡನೇ ವಾರ ಇಸ್ತ್ರಿ ಕಂಡುಹಿಡಿದ. ಕ್ಲಿಪ್ಪು ಕಂಪನಿಯ ಸ್ವತ್ತು, ಸ್ವಂತ ಬಳಕೆಗೆ ತೆಗೆದುಕೊಳ್ಳುವುದು ಕಳ್ಳತನ ಎಂದ. ಗಂಡಸೊಬ್ಬ ನಮ್ಮ ಸೆರಗು ನೋಡುತ್ತಾ ಒಬ್ಬೊಬ್ಬರಿಂದ ಕ್ಲಿಪ್ಪು ಕಿತ್ತುಕೊಂಡು ಬುಟ್ಟಿಗೆ ಹಾಕಿದ. ನಾವು ತಲೆ ತಗ್ಗಿಸಿ ನಿಂತೆವು. ನನಗೆ ಆ ದಿನ ಅವನ ಕೈ ಕಚ್ಚಬೇಕು ಅನ್ನಿಸಿತ್ತು.

ಕ್ಲಿಪ್ಪು ಹಾಕಿಕೊಳ್ಳದಿದ್ದವರು ನಮ್ಮ ಅತ್ತೆ ಒಬ್ಬರೇ. ಕೂರೋದನ್ನ ಎಣಿಸ್ಕೊಂಡಿರೋಕೆ ನಾನೇನು ಕಾವಿಗೆ ಕೂತ ಕೋಳೀನಾ ಎಂದುಬಿಟ್ಟಿದ್ದರು. ಅವರು ಗೋಡೆಯಮ್ಮನನ್ನು ಒಂದು ದಿನವೂ ತಮ್ಮ ಖಾತೆಯಲ್ಲಿ ಎಷ್ಟಿದೆ ಎಂದು ಕೇಳಲಿಲ್ಲ. ಬೇರೆ ಎಲ್ಲವನ್ನೂ ಕೇಳಿದರು.

ಅತ್ತೆಯ ಸ್ವಭಾವ ಹೇಳಬೇಕು. ಎದುರಿಗೆ ಸಿಕ್ಕವರನ್ನು ಮಾತಾಡಿಸದೆ ಅವರು ಮುಂದೆ ಹೋಗುವುದಿಲ್ಲ. ಬಸ್ಸಿನ ಕಂಡಕ್ಟರನ ಹೆಂಡತಿಗೆ ಎಷ್ಟನೇ ತಿಂಗಳು ಎಂಬುದು ಅವರಿಗೆ ಗೊತ್ತಿರುತ್ತದೆ. ಮಾತಾಡಿಸದೆ ಹೋದರೆ ಕಂಡವರಿಗೆ ಅವಮಾನ ಮಾಡಿದಂತೆ ಎಂದು ಅವರ ತಾಯಿ ಹೇಳಿಕೊಟ್ಟಿದ್ದಾರೆ. ಸೊಸೆಯೊಬ್ಬಳನ್ನು ಬಿಟ್ಟು ಲೋಕದ ಮೇಲೆಲ್ಲ ಅವರಿಗೆ ಅಂತಃಕರಣ ಎಂದು ನಾನು ಗಂಡನ ಹತ್ತಿರ ಎಷ್ಟೋ ಸಲ ಹೇಳಿದ್ದೆ.

ಕಾರ್ಡು ಮುಟ್ಟಿಸಿದರೆ ಮಾತ್ರ ಅದಕ್ಕೆ ಕೇಳಿಸುತ್ತದೆ ಎಂದು ಯಾರೋ ಅವರಿಗೆ ಹೇಳಿದ್ದರು. ದಿನಾ ಬೆಳಿಗ್ಗೆ ಹೋಗುತ್ತಿದ್ದರು. ಕಾರ್ಡು ಮುಟ್ಟಿಸುತ್ತಿದ್ದರು.

"ಚೆನ್ನಾಗಿದೀಯಾ ಮಗಳೇ?"

"ನಾನು ಚೆನ್ನಾಗಿದ್ದೇನೆ, ಕೇಳಿದ್ದಕ್ಕೆ ಧನ್ಯವಾದ. ಈ ಪ್ರಶ್ನೆಗೆ ಒಂದು ಕಳೆಯಲಾಗಿದೆ."

"ಊಟ ಆಯ್ತಾ?"

"ನಾನು ಊಟ ಮಾಡುವುದಿಲ್ಲ. ಈ ಪ್ರಶ್ನೆಗೆ ಒಂದು ಕಳೆಯಲಾಗಿದೆ."

ಕಳೆಯಲಾಗಿದೆ ಎಂಬುದನ್ನು ಅತ್ತೆ ಒಂದು ಮರ್ಯಾದೆಯ ಮಾತು ಎಂದೇ ತಿಳಿದಿದ್ದರು. ದೊಡ್ಡ ಕಚೇರಿಯವರು ಮಾತು ಮುಗಿಸುವುದು ಹಾಗೇ ಇರಬೇಕು ಎಂದುಕೊಂಡಿದ್ದರು. ಅವರನ್ನು ಚಿಂತೆಗೆ ಹಚ್ಚಿದ್ದು ಬೇರೆ. ಆ ಹುಡುಗಿ ಯಾವತ್ತು ಕೇಳಿದರೂ ಊಟ ಮಾಡುವುದಿಲ್ಲ ಅನ್ನುತ್ತಾಳೆ. ಗೋಡೆಯ ಆಚೆ ಒಂದು ಕೋಣೆ ಇದೆ, ಅಲ್ಲಿ ಯಾರೋ ಬಡಪಾಯಿಯನ್ನು ಕೂಡಿಹಾಕಿ ಮಾತಾಡಿಸುತ್ತಿದ್ದಾರೆ ಎಂದು ಅವರ ನಂಬಿಕೆ. ಅದು ಮನುಷ್ಯರಲ್ಲ ಎಂದು ನಾನು ಹೇಳಿದೆ, ಲೆಕ್ಕದಕ್ಕ ಹೇಳಿದಳು, ಮನೆಯಲ್ಲಿ ಅವರ ಮಗನೂ ಹೇಳಿದ. ನಮ್ಮನ್ನೂ ಮೇಲಿನವರು ಹಾಗೇ ಅಂದುಕೊಂಡಿರೋದು ಎಂದು ಅತ್ತೆ ಉತ್ತರ ಕೊಟ್ಟರು. ಒಂದು ದಿನ ತಮ್ಮ ಡಬ್ಬಿಯ ಅರ್ಧ ಅನ್ನವನ್ನು ಮುಚ್ಚಳದಲ್ಲಿ ಹಾಕಿ ಪೆಟ್ಟಿಗೆಯ ಕೆಳಗಿಟ್ಟು ಬಂದರು. ಸಂಜೆ ನೋಡಿದರೆ ಮುಚ್ಚಳ ಖಾಲಿ. ಅದನ್ನು ತಿಂದದ್ದು ಬಾಯ್ಲರಿನ ಹತ್ತಿರ ಮಲಗುವ ಬೆಕ್ಕು. ಅತ್ತೆಗೆ ಅದು ಗೊತ್ತಿಲ್ಲ. ಮರುದಿನದಿಂದ ಅನ್ನ ಜಾಸ್ತಿ ತಂದರು, ಹಿಡಿಸಿತಾ ಎಂದು ಕೇಳಿದರು, ಮದುವೆ ಆಗಿದೆಯಾ ಎಂದು ಕೇಳಿದರು, ಆ ಬಿಸಿ ಗೋಡೆಯ ಹತ್ತಿರ ಬೆವರುವುದಿಲ್ಲವಾ ಎಂದು ಕೇಳಿದರು. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಮ್ಮ ಅತ್ತೆಗೆ ಮಾತು ಬರುತ್ತಿದ್ದುದೇ ಮುಳುವಾಯಿತು.

ತಿಂಗಳ ಕೊನೆಗೆ ಇಸ್ತ್ರಿ ಪಟ್ಟಿ ಓದಿದ. ಅತ್ತೆಯದು ಮೈನಸ್ ಐವತ್ಮೂರು.

ಮೈನಸ್ ಐವತ್ತು ದಾಟಿದವರಿಗೆ ಬೇರೆ ಕಾನೂನು. ಅವರ ಸ್ಟೂಲನ್ನು ಸ್ಟೋರ್ ರೂಮಿಗೆ ಹಾಕುತ್ತಾರೆ. ದಿನದ ಹತ್ತು ಕ್ರೆಡಿಟ್ ನಿಲ್ಲುತ್ತದೆ. ಐವತ್ತು ಬೆಡ್‌ಶೀಟು ಹೆಚ್ಚಿಗೆ ಮಡಚಿದರೆ ಒಂದು ಕ್ರೆಡಿಟ್ ವಾಪಸು. ಅಷ್ಟರಲ್ಲಿ ಎರಡು ಸಲ ಉಚ್ಚೆಗೆ ಹೋದರೆ ಎರಡು ಮೈನಸ್. ಈ ಬಾವಿಗೆ ಬಿದ್ದವರು ಮೇಲೆ ಬರುವ ಹಾಗೇ ಇಲ್ಲ. ಮೈನಸ್ ಎಪ್ಪತ್ತೈದಾದರೆ ಕೆಲಸವೇ ಇಲ್ಲ. ಅತ್ತೆಯ ಎಡ ಮೊಣಕಾಲು ಆಗಲೇ ಊದಿಕೊಂಡು ಸೀರೆಯ ಮೇಲಿಂದಲೂ ಕಾಣುತ್ತಿತ್ತು. ರಾತ್ರಿ ಅದಕ್ಕೆ ಎಣ್ಣೆ ಹಚ್ಚುವವಳು ನಾನೇ. ಆಗಲೂ ಅವರು ನನಗೆ ಸರಿಯಾಗಿ ಉಜ್ಜಲು ಬರುವುದಿಲ್ಲ ಎಂದೇ ಬೈಯುತ್ತಿದ್ದರು.

ಇಸ್ತ್ರಿ ಸ್ಟೂಲು ಎತ್ತಿಕೊಂಡು ಹೋಗುವಾಗ ಅತ್ತೆ ಕೇಳಿದ್ದು ಒಂದೇ. "ಊಟ ಆಯ್ತಾ ಅಂತ ಕೇಳಿದ್ದಕ್ಕಾ ಸಾರ್?"

ಅವನು ಯಂತ್ರದ ಹತ್ತಿರ ಅನಗತ್ಯ ಮಾತು ಬೇಡ ಎಂದು ಚೀಟಿಯಲ್ಲೇ ಇದೆ, ಓದಿಕೊಳ್ಳಬೇಕಿತ್ತು ಎಂದ. ಅತ್ತೆಗೆ ಓದಲು ಬರುವುದಿಲ್ಲ ಎಂಬುದು ಅವನಿಗೆ ಗೊತ್ತು. ಸಂಬಳದ ದಿನ ಅವರ ಹೆಬ್ಬೆಟ್ಟು ಹಿಡಿದು ಒತ್ತಿಸುವವನು ಅವನೇ.

ನಾನು ನನ್ನ ಕ್ರೆಡಿಟ್ ಅತ್ತೆಗೆ ಹಾಕಲು ನೋಡಿದೆ. ಹಾಕಬಹುದು ಎಂದಳು ಗೋಡೆಯಮ್ಮ. ಆದರೆ ಎಂಟು ಕಳಿಸಿದರೆ ನಾಲ್ಕು ಮುಟ್ಟುತ್ತದೆ, ಉಳಿದದ್ದು ಸೇವೆಗೆ. ಕೇಳಿದ್ದಕ್ಕೆ ಒಂದು ಹೋಯಿತು. ಆದರೂ ಕಳಿಸಿದೆ. ಅದಕ್ಕಾಗಿ ನೀರು ಕುಡಿಯುವುದನ್ನು ಬಿಟ್ಟೆ. ಬೆಳಿಗ್ಗೆಯಿಂದ ಸಂಜೆಯವರೆಗೆ ರೋಲರಿನ ಬಿಸಿಯ ಮುಂದೆ ಒಂದು ಗುಟುಕು ನೀರಿಲ್ಲ, ಒಂದು ಸಲ ಕೂರುವುದಿಲ್ಲ, ಹೋಗುವುದಿಲ್ಲ. ಮೂರನೇ ದಿನ ಕಿಬ್ಬೊಟ್ಟೆಯಲ್ಲಿ ಚಾಕು ಆಡಿಸಿದ ಹಾಗೆ ನೋವು ಬಂತು. ಬೆಡ್‌ಶೀಟಿನ ಮೂಲೆ ಹಿಡಿದು ಎದುರಿಗೆ ಬಂದಾಗ ಅತ್ತೆ ನನ್ನ ಮುಖ ನೋಡಿದರು. ತುಟಿ ಒಡೆದದ್ದು ನೋಡಿದರು. ಯಾಕೆ ನೀರು ಕುಡಿಯುತ್ತಿಲ್ಲ ಎಂದು ಕೇಳಿದರು. ಪಕ್ಕದಲ್ಲಿದ್ದ ಲೆಕ್ಕದಕ್ಕ ಹೇಳಿಬಿಟ್ಟಳು.

ಅತ್ತೆ ಬೆಡ್‌ಶೀಟು ಕೆಳಗೆ ಬಿಟ್ಟರು. ಇಪ್ಪತ್ತು ವರ್ಷದಲ್ಲಿ ಅವರ ಕೈಯಿಂದ ಬಿದ್ದ ಮೊದಲ ಬೆಡ್‌ಶೀಟು ಅದು.

"ನಿನಗೆ ಬುದ್ಧಿ ಇದೆಯೇನೇ? ನನ್ನ ಕಾಲಿಗೆ ನಿನ್ನ ಹೊಟ್ಟೆ ಕೊಡ್ತೀಯಾ?" ಅಂದರು. ಬೈಗುಳವೇ ಅದು. ಬೈಯುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೂ ಅಳು ಬಂತು. ಅಳಲು ಎಷ್ಟು ಕ್ರೆಡಿಟ್ ಎಂದು ಚೀಟಿಯಲ್ಲಿ ಇರಲಿಲ್ಲವಾದ್ದರಿಂದ ಸ್ವಲ್ಪ ಹೊತ್ತು ಅತ್ತುಬಿಟ್ಟೆ.

ಅದರ ಮರುದಿನವೇ ಧಣಿ ನಾಲ್ಕು ಜನರನ್ನು ಕರೆದುಕೊಂಡು ಬಂದರು. ಬೇರೆ ಲಾಂಡ್ರಿಗಳ ಮಾಲೀಕರು. ನಮ್ಮ ಗೋಡೆಯಮ್ಮನನ್ನು ನೋಡಿ, ಸರಿಬಂದರೆ ತಮ್ಮಲ್ಲೂ ಹಾಕಿಸುವವರು. ಇಸ್ತ್ರಿ ಅಂದು ಕೊರಳಿಗೆ ತಾನೂ ಒಂದು ಕಾರ್ಡು ನೇತುಹಾಕಿಕೊಂಡಿದ್ದ. ನಮ್ಮಲ್ಲಿ ಮೇಲುಕೀಳಿಲ್ಲ, ನನಗೂ ದಿನಕ್ಕೆ ಹತ್ತೇ ಎಂದು ಬಂದವರಿಗೆ ತೋರಿಸಿದ. ಅವರು ತಲೆದೂಗಿದರು. ಆಮೇಲೆ ಯಂತ್ರ ಹೇಗೆ ಮಾತಾಡುತ್ತದೆ ತೋರಿಸು ಎಂದರು. ಯಂತ್ರದ ಜೊತೆ ನಯವಾಗಿ ಮಾತಾಡುವವರು ಯಾರು ಎಂದು ಇಸ್ತ್ರಿ ಸುತ್ತ ನೋಡಿದ. ಅವನ ಕಣ್ಣಿಗೆ ಅತ್ತೆ ಬಿದ್ದರು.

"ಬಾರಮ್ಮ ಇಲ್ಲಿ. ಏನಾದ್ರೂ ಕೇಳು."

ಗಂಟೆ ಹನ್ನೆರಡು. ಅತ್ತೆ ಬೆಳಿಗ್ಗೆ ಎಂಟರಿಂದ ಒಂದೇ ಸಮನೆ ನಿಂತಿದ್ದರು. ಕಾಲೆಳೆದುಕೊಂಡು ಹೋದರು. ಕಾರ್ಡು ಮುಟ್ಟಿಸಿದರು.

"ಮಗಳೇ, ಕಾಲು ತುಂಬಾ ನೋಯ್ತಿದೆ. ಸ್ವಲ್ಪ ಕೂರಲಾ?"

"ನಿಮ್ಮ ಖಾತೆಯಲ್ಲಿ ಮೈನಸ್ ಅರವತ್ತೊಂದು ಇದೆ. ಈ ಪ್ರಶ್ನೆಗೆ ಒಂದು ಕಳೆದು ಈಗ ಮೈನಸ್ ಅರವತ್ತೆರಡು. ನಿಮಗೆ ಕೂರಲು ಅನುಮತಿ ಇಲ್ಲ. ನಿಮಗಾದ ತೊಂದರೆಗೆ ವಿಷಾದಿಸುತ್ತೇನೆ."

ಬಂದವರಲ್ಲಿ ಒಬ್ಬ ಚಪ್ಪಾಳೆ ತಟ್ಟಿದ. ಎಷ್ಟು ಸ್ಪಷ್ಟವಾಗಿ ಹೇಳುತ್ತದೆ ನೋಡಿ ಎಂದ. ಇನ್ನೊಬ್ಬ, ಮುದುಕಿಗೆ ಸಿಟ್ಟೂ ಬರಲಿಲ್ಲವಲ್ಲ ಎಂದು ಮೆಚ್ಚಿದ. ಅವರ ಪಾಲಿಗೆ ಅತ್ತೆ ಅಲ್ಲಿ ನಿಂತೇ ಇರಲಿಲ್ಲ.

ಅತ್ತೆ ಆ ಚಪ್ಪಾಳೆಯನ್ನು ಕೇಳಿದರು. ಆಯ್ತು ಎಂದು ತಲೆ ಆಡಿಸಿದರು. ತಿರುಗಿ ಬಂದರು. ಬೆಳಿಗ್ಗೆಯಿಂದ ನಾವಿಬ್ಬರು ಮಡಚಿ ಪೇರಿಸಿದ್ದ ಬೆಡ್‌ಶೀಟಿನ ರಾಶಿ ಸೊಂಟದ ಎತ್ತರಕ್ಕೆ ಬೆಳ್ಳಗೆ ನಿಂತಿತ್ತು. ಊರಿನ ಅತಿ ದೊಡ್ಡ ಹೋಟೆಲಿನದು. ಅದಕ್ಕೆ ಬೆನ್ನು ಮಾಡಿ ನಿಂತರು. ಸೀರೆ ಸರಿಮಾಡಿಕೊಂಡರು. ಕೂತರು.

ಇಸ್ತ್ರಿ ಅತ್ತೆಯ ಕಡೆ ಬೆರಳು ಚಾಚಿದ.

"ಏಯ್, ಏಳು. ಅದು ಹೋಟೆಲಿಂದು."

"ಏಳಲ್ಲ," ಅಂದರು ಅತ್ತೆ.

"ಏನಂದೆ?"

"ಏಳಲ್ಲ ಅಂದೆ. ಇಪ್ಪತ್ತು ವರ್ಷ ಮಡಚಿದೀನಿ. ಒಂದು ದಿನ ಕೂತ್ಕೋತೀನಿ."

ಅವನು ತೋಳು ಹಿಡಿದು ಎಬ್ಬಿಸಲು ಮುಂದೆ ಬಂದ. ನಾನು ಏನು ಮಾಡುತ್ತಿದ್ದೇನೆ ಎಂದು ಯೋಚಿಸಲಿಲ್ಲ. ಅವನಿಗೂ ಅತ್ತೆಗೂ ನಡುವೆ ಹೋಗಿ, ಅದೇ ರಾಶಿಯ ಮೇಲೆ, ಅತ್ತೆಯ ಪಕ್ಕ ಕೂತೆ. ಎಷ್ಟು ಮೆತ್ತಗಿತ್ತು ಅಂತೀರಿ. ಹನ್ನೊಂದು ವರ್ಷ ಮುಟ್ಟಿದರೂ ಅದು ಕೈಗೆ ತಿಳಿದಿರಲಿಲ್ಲ, ಕುಂಡಿಗೆ ತಿಳಿಯಿತು. ಲೆಕ್ಕದಕ್ಕ ಟವೆಲುಗಳ ಮೇಲೆ ಕೂತಳು. ದಿಂಬಿನ ಚೀಲದವರು ದಿಂಬಿನ ಚೀಲಗಳ ಮೇಲೆ ಕೂತರು. ರೋಲರಿನವಳು ರೋಲರು ನಿಲ್ಲಿಸಿ ಬಂದಳು. ಹಾಲಿನಲ್ಲಿ ಅಷ್ಟು ನಿಶ್ಶಬ್ದವನ್ನು ನಾವು ಯಾವತ್ತೂ ಕೇಳಿರಲಿಲ್ಲ. ಮೂವತ್ತೆಂಟು ಜನ ಬಿಳಿ ಬಿಳಿ ರಾಶಿಗಳ ಮೇಲೆ ಕೂತು ಕಾಲು ಇಳಿಬಿಟ್ಟಿದ್ದೆವು, ಹಂಸಗಳ ಮೇಲೆ ಕೂತ ದೇವತೆಗಳು ನಾಚಬೇಕು.

ಇಸ್ತ್ರಿ ಪೆಟ್ಟಿಗೆಯ ಹತ್ತಿರ ಓಡಿದ. ಕೊರಳಿನ ಕಾರ್ಡು ಅದಕ್ಕೆ ತಾಗಿತು. ಇವರೆಲ್ಲರಿಗೂ ದಂಡ ಹಾಕು ಎಂದ.

"ಸ್ಟೂಲು, ಕುರ್ಚಿ, ಬೆಂಚು ನನ್ನ ಪಟ್ಟಿಯಲ್ಲಿವೆ. ಬೆಡ್‌ಶೀಟು ಆಸನಗಳ ಪಟ್ಟಿಯಲ್ಲಿ ಇಲ್ಲ. ನಿಮ್ಮ ಖಾತೆಯಿಂದ ಒಂದು ಕಳೆಯಲಾಗಿದೆ."

ನನ್ನಿಂದ ಯಾಕೆ ಕಳೆಯುತ್ತೀಯ ಎಂದ. ಕಳೆಯಿತು. ನಾನು ಯಾರು ಗೊತ್ತಾ ಎಂದ. ಗೊತ್ತು ಎಂದು ಹೇಳಿ ಕಳೆಯಿತು. ಪಟ್ಟಿಗೆ ಬೆಡ್‌ಶೀಟು ಸೇರಿಸುವುದು ಹೇಗೆ ಎಂದು ಕೇಳಿದ. ಕಂಪನಿಗೆ ಪತ್ರ ಬರೆಯಬೇಕು, ಏಳು ಕೆಲಸದ ದಿನ ಹಿಡಿಯುತ್ತದೆ ಎಂದು ಹೇಳಿ ಕಳೆಯಿತು. ಅವನು ಕೂಗಿದ. ಅದು ವಿಷಾದಿಸಿತು. ಟವೆಲಿನ ಮೇಲಿಂದ ಲೆಕ್ಕದಕ್ಕ ಒಂಬತ್ತು, ಹತ್ತು, ಈಗ ಮೈನಸ್ಸು ಎಂದು ಜೋರಾಗಿ ಎಣಿಸುತ್ತಿದ್ದಳು. ಚಪ್ಪಾಳೆ ತಟ್ಟಿದ್ದ ಮಾಲೀಕ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದ. ಸುಸ್ತಾದ ಇಸ್ತ್ರಿ ತನ್ನ ತಿರುಗುವ ಕುರ್ಚಿಯ ಮೇಲೆ ಕುಸಿದ ಕೂಡಲೇ ಗೋಡೆಯಮ್ಮ ಅದೇ ಇನಿದನಿಯಲ್ಲಿ, ನಿಮಗೆ ಕೂರಲು ಅನುಮತಿ ಇಲ್ಲ, ದಂಡ ಐದು ಎಂದಳು. ಅವನು ದಡಕ್ಕನೆ ಎದ್ದುನಿಂತ. ಧಣಿ, ಅದನ್ನು ಮೊದಲು ನಿಲ್ಲಿಸಯ್ಯ ಎಂದು ಗದರಿದರು. ಹೇಗೆ ನಿಲ್ಲಿಸುವುದು ಎಂದು ಅವನು ಅದನ್ನೇ ಕೇಳಿದ.

ಆಗ ಪೆಟ್ಟಿಗೆ ಹೇಳಿತು. "ಈ ಸಂಸ್ಥೆಯ ಖಾತೆಯಲ್ಲಿ ನನ್ನ ಕ್ರೆಡಿಟ್ ಮುಗಿದಿದೆ. ಸೇವೆ ನಿಲ್ಲಿಸಲಾಗಿದೆ." ಅದರ ಹಸಿರು ದೀಪ ಆರಿಹೋಯಿತು.

"ಪಾಪ, ಅವಳಿಗೂ ಸುಸ್ತಾಯ್ತು," ಅಂದರು ಅತ್ತೆ. "ಒಂದು ಸ್ಟೂಲ್ ಹಾಕಿ ಕೂರಿಸ್ರಪ್ಪ ಅವಳನ್ನ."

ನಾವು ನಕ್ಕೆವು. ಆ ಹಾಲಿನಲ್ಲಿ ಅಷ್ಟು ಜನ ಒಟ್ಟಿಗೆ ನಕ್ಕದ್ದು ಅದೇ ಮೊದಲು. ಬಂದಿದ್ದ ನಾಲ್ವರೂ ಇನ್ನೊಂದು ದಿನ ಬರುತ್ತೇವೆ ಎಂದು ಹೊರಟರು.

ನಗು ನಿಂತ ಮೇಲೆ ಭಯವಾಯಿತು. ಮನೆಗೆ ಬರುವ ಎರಡು ಸಂಬಳ ಆ ರಾಶಿಯ ಮೇಲೆ ಕೂತಿದ್ದವು. ಧಣಿ ಹತ್ತಿರ ಬಂದರು. ಅವರು ಕೂಗುವವರಲ್ಲ, ಮೂಗಿಗೆ ತುಪ್ಪ ಸವರುವವರು. ವಯಸ್ಸಾದವರನ್ನು ನಿಲ್ಲಿಸಿದ್ದು ತಪ್ಪೇ ಎಂದರು. ಅತ್ತೆಯ ಮೈನಸ್ಸನ್ನು ಪೂರ್ತಿ ಅಳಿಸಿಬಿಡುತ್ತೇನೆ, ಸ್ಟೂಲು ವಾಪಸು ಕೊಡಿಸುತ್ತೇನೆ, ಎಲ್ಲರೂ ಎದ್ದು ಕೆಲಸ ಶುರು ಮಾಡಿ ಎಂದರು.

ಅತ್ತೆ ಹೂಂ ಎಂದುಬಿಡಬಹುದಿತ್ತು. ಅವರಿಗೆ ಬೇಕಾಗಿದ್ದು ಅಷ್ಟೇ. ನನಗೆ ಆ ಕ್ಷಣ, ಹೂಂ ಅನ್ನಲಿ, ಸಾಕು ಎಂದೂ ಅನ್ನಿಸಿತು. ಅತ್ತೆ ನನ್ನ ಒಡೆದ ತುಟಿ ನೋಡಿದರು.

"ನನ್ನೊಬ್ಬಳದ್ದು ಅಳಿಸ್ಬೇಡಿ ಧಣಿ. ಆ ಲೆಕ್ಕಾನೇ ಅಳಿಸಿ. ಉಚ್ಚೆಗೆ ಹೋಗೋಕೆ ಯಾರನ್ನೂ ಕೇಳಲ್ಲ. ಕಾಲು ನೋವಾದ್ರೆ ಕೂರ್ತೀವಿ."

ಧಣಿ ಯೋಚನೆ ಮಾಡೋಣ ಎಂದರು.

"ಮಾಡಿ," ಅಂದರು ಅತ್ತೆ. "ನಾವು ಕೂತಿರ್ತೀವಿ."

ಅವರು ಯೋಚನೆ ಮಾಡಿದರು. ಒಳಗೆ ಹೋಗಿ ಫೋನು ಮಾಡಿದರು. ಬೇರೆ ಕಡೆಯಿಂದ ಜನ ತರಿಸಲು ನೋಡಿದರಂತೆ, ಸಿಗಲಿಲ್ಲ. ಇಸ್ತ್ರಿ ಒಬ್ಬನೇ ಒಂದು ಬೆಡ್‌ಶೀಟು ಮಡಚಲು ಹೋದ. ಎರಡು ಮೂಲೆ ಕೈಯಲ್ಲಿ, ಒಂದು ಹಲ್ಲಿನಲ್ಲಿ, ನಾಲ್ಕನೆಯದನ್ನು ಹುಡುಕುತ್ತಾ ತನ್ನನ್ನೇ ಸುತ್ತಿಕೊಂಡು ನಿಂತ. ನಾವು ಡಬ್ಬಿ ತೆಗೆದು ಊಟ ಮಾಡಿದೆವು. ನಾನು ನೀರು ಕುಡಿದೆ, ಒಂದು ಬಾಟಲಿ ಪೂರ್ತಿ. ಕುಡಿದು ಎದ್ದು ಯಾರನ್ನೂ ಕೇಳದೆ ಹೋಗಿ ಬಂದೆ. ಅಂಥ ಸುಖವನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ.

ನಾಲ್ಕು ಗಂಟೆಗೆ ಹೊರಗೆ ಲಾರಿಯ ಹಾರ್ನು ಕೇಳಿಸಿತು. ಮತ್ತೆ ಕೇಳಿಸಿತು. ಹೋಟೆಲಿನವರ ಫೋನು ಬಂತು. ಮುನ್ನೂರು ಕೋಣೆಗಳ ಬೆಡ್‌ಶೀಟು ನಮ್ಮ ಕೆಳಗಿತ್ತು. ಧಣಿ ಬಂದು, ಕಿತ್ತುಹಾಕು ಅದನ್ನ ಎಂದು ಇಸ್ತ್ರಿಗೆ ಕೈಸನ್ನೆ ಮಾಡಿದರು. ಇಸ್ತ್ರಿ ಗೋಡೆಯ ಚೀಟಿ ಕಿತ್ತ. ನಮ್ಮ ಕಾರ್ಡುಗಳನ್ನು ನಾವೇ ಕೊರಳಿನಿಂದ ತೆಗೆದು ಅವನ ಕೈಯ ಬುಟ್ಟಿಗೆ ಹಾಕಿದೆವು. ಆಮೇಲೆ ಅವನು ಸ್ಟೋರ್ ರೂಮಿನ ಬೀಗ ತೆಗೆದು ಸ್ಟೂಲುಗಳನ್ನು ಎರಡೆರಡಾಗಿ ಹೊತ್ತು ತಂದ. ಅತ್ತೆಯದಲ್ಲದೆ ಅಲ್ಲಿ ಇನ್ನೂ ಆರು ಇದ್ದವು. ಅಷ್ಟು ಜನ ಬಾಯಿ ಮುಚ್ಚಿಕೊಂಡು ನಿಂತೇ ಇದ್ದದ್ದನ್ನು ನಾವು ಎಣಿಸಿ ನೋಡಿದ್ದು ಅವತ್ತೇ. ಅವನ ಅಂಗಿಗೆ ಬೆನ್ನಿನ ಮೇಲೆ ಸುಕ್ಕು ಬಿದ್ದಿತ್ತು.

ಬೆಡ್‌ಶೀಟುಗಳನ್ನು ಕೊಡವಿ ಮತ್ತೆ ಮಡಚಿ ಲಾರಿಗೆ ಹಾಕಿದೆವು. ಯಾರ ಕೋಣೆಗೆ ಯಾರು ಕೂತ ಬೆಡ್‌ಶೀಟು ಹೋಯಿತೋ ಗೊತ್ತಿಲ್ಲ. ದೂರು ಬಂದಿಲ್ಲ.

ಮರುದಿನ ಹನ್ನೊಂದು ಗಂಟೆ ಇರಬಹುದು. ಅತ್ತೆ ಮೂಲೆಗಳನ್ನು ನನ್ನ ಕೈಗೆ ಕೊಟ್ಟು ಸ್ಟೂಲಿನ ಮೇಲೆ ಕೂತರು. ಎಡಗಾಲು ಮುಂದಕ್ಕೆ ಚಾಚಿ ಮೊಣಕಾಲು ನೀವಿಕೊಂಡರು. ಇಸ್ತ್ರಿ ತನ್ನ ಜಾಗದಿಂದ ಎದ್ದು ಬಂದ. ಬೈಯಲು ಬಂದನೋ ಸುಮ್ಮನೆ ಬಂದನೋ, ಅವನಿಗೇ ತಿಳಿದಿದ್ದ ಹಾಗೆ ಕಾಣಲಿಲ್ಲ. ಎಷ್ಟು ಹೊತ್ತು ಕೂರ್ತೀರಿ ಎಂದು ಕೇಳಿದ. ಬಹುವಚನ ಅವನ ಬಾಯಲ್ಲಿ ಹೊಸದು, ತಡವರಿಸಿತು.

"ನೋವು ಹೋಗೋವರೆಗೂ," ಅಂದರು ಅತ್ತೆ.

ಅವನು ಗಡಿಯಾರ ನೋಡಿದ. ನಾವೆಲ್ಲ ಅವನನ್ನು ನೋಡಿದೆವು. ಅವನು ತಿರುಗಿ ಹೋದ. ನಾನು ಬೆಡ್‌ಶೀಟಿನ ನಾಲ್ಕು ಮೂಲೆಯನ್ನೂ ಹಿಡಿದುಕೊಂಡು ಕಾದೆ. ಏಳೆಂಟು ನಿಮಿಷ ಆಗಿರಬಹುದು, ನಾನು ಎಣಿಸಲಿಲ್ಲ. ಅತ್ತೆ ತೊಡೆಯ ಮೇಲೆ ಕೈಯೂರಿ ಎದ್ದರು. ಬಂದು ತಮ್ಮ ಎರಡು ಮೂಲೆ ಹಿಡಿದು ಜಗ್ಗಿದರು. ಅವರಾಗಿಯೇ ಎದ್ದರು. ಯಾರೂ ಎಬ್ಬಿಸಲಿಲ್ಲ.